ಏಳನೇ ಸ್ಥಾನದ ಲೆಕ್ಕ

ಶಿರಸಿಯಲ್ಲಿ ಜುಲೈ ಎಂದರೆ ಸೈಕಲ್ಲು ಜಗಲಿಯಲ್ಲಿ ನಿಂತೇ ತುಕ್ಕು ಹಿಡಿಯುವ ತಿಂಗಳು. ಚೈನಿಗೆ ಎಷ್ಟು ಎಣ್ಣೆ ಬಿಟ್ಟರೂ ನಾಲ್ಕು ದಿನಕ್ಕೆ ಕೆಂಪು ಏರುತ್ತದೆ. ಫ್ರಾನ್ಸಿನ ಮೂರು ವಾರದ ಸೈಕಲ್ ರೇಸು ಟೂರ್ ಡಿ ಫ್ರಾನ್ಸ್ ಬರುವುದೂ ಅದೇ ತಿಂಗಳಲ್ಲಿ. ಅಲ್ಲಿ ಸಂಜೆ ಐದೂವರೆಗೆ ಮುಗಿಯುವ ರೇಸು ನಮಗೆ ರಾತ್ರಿ ಒಂಬತ್ತಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಊಟ ಆಗಿರುತ್ತದೆ, ಕರೆಂಟಿದ್ದರೆ ನೋಡಬಹುದು. 2025ರ ಜುಲೈಯ ಅಂಥದೊಂದು ರಾತ್ರಿ ಕಾರವಾರದ ಗೆಳೆಯ ಫೋನ್ ಮಾಡಿದ. "ಎಂತಾ ಮಾರಾಯಾ ಇದು? ಇವ್ರು ಗೆಲ್ಲುಕೆ ಬಂದವರಾ, ಏಳನೇ ನಂಬರಿಗೆ ಬಂದವರಾ?"

ಅವನು ಕೇಳಿದ್ದು ಫ್ರಾನ್ಸಿನ ಬ್ರಿಟನಿ ಸೀಮೆಯ ಅರ್ಕೇಯಾ–ಬಿ ಆ್ಯಂಡ್ ಬಿ ಹೋಟೆಲ್ಸ್ ತಂಡದ ಬಗ್ಗೆ. ಆ ತಂಡದ ಕೆವಿನ್ ವೋಕ್ಲಾ ಎಲ್ಲ ದಿನಗಳ ಸಮಯ ಕೂಡಿಸಿದ ಒಟ್ಟಾರೆ ಪಟ್ಟಿಯಲ್ಲಿ ಏಳನೆಯವ. ಮುಂದಿದ್ದ ಸ್ಲೊವೇನಿಯಾದ ಪೊಗಾಚಾರ್ ಕೈಗೆ ಸಿಗುವವನಲ್ಲ ಎಂಬುದು ಎಲ್ಲರಿಗೂ ಗೊತ್ತಾಗಿಹೋಗಿತ್ತು. ಆದರೂ ವೋಕ್ಲಾ ಹಲ್ಲು ಕಚ್ಚಿ ಆ ಏಳನೇ ಜಾಗವನ್ನೇ ಹಿಡಿದುಕೊಂಡು ಪ್ಯಾರಿಸ್ ಮುಟ್ಟಿದ. ನಾನು ಉತ್ತರ ಹೇಳಲು ಶುರು ಮಾಡಿದ್ದೆ. ಕರೆಂಟು ಹೋಯಿತು, ಸ್ವಲ್ಪ ಹೊತ್ತಿಗೆ ಟವರೂ ಹೋಯಿತು. ಆ ವರ್ಷ ಮುಗಿಯುವಾಗ ಅರ್ಕೇಯಾ ತಂಡವೇ ಬಾಗಿಲು ಹಾಕಿತು. ಹಾಗಾಗಿ ಅವನಿಗೆ ಹೇಳಬೇಕಾದ ಉತ್ತರ ಇನ್ನಷ್ಟು ಉದ್ದವಾಗಿದೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ನಾವು ಜುಲೈಯ ಮೂರು ವಾರ ನೋಡಿ ಅದೇ ಸೈಕಲ್ ರೇಸು ಅಂದುಕೊಳ್ಳುತ್ತೇವೆ. ತಂಡದ ವರ್ಷ ಜನವರಿಯಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ಸುತ್ತಮುತ್ತ ಶುರುವಾಗಿ, ಅಕ್ಟೋಬರಿನಲ್ಲಿ ಚೀನಾದ ಗುವಾಂಗ್ಶಿಯಲ್ಲಿ ಮುಗಿಯುತ್ತದೆ. ನಡುವೆ ಫೆಬ್ರುವರಿಯಲ್ಲಿ ಅರಬ್ ಮರುಭೂಮಿ, ಮಾರ್ಚ್–ಏಪ್ರಿಲ್‌ನಲ್ಲಿ ಇಟಲಿ, ಬೆಲ್ಜಿಯಂ, ಉತ್ತರ ಫ್ರಾನ್ಸಿನ ಒಂದು ದಿನದ ರೇಸುಗಳು, ಮೇ ತಿಂಗಳಲ್ಲಿ ಇಟಲಿಯ ಜಿರೋ, ಜುಲೈಯಲ್ಲಿ ಟೂರ್, ಆಗಸ್ಟ್ ಕೊನೆಗೆ ಸ್ಪೇನಿನ ವುವೆಲ್ತಾ. ಅತ್ಯುನ್ನತ ದರ್ಜೆಯಲ್ಲಿ ಇರುವುದು 18 ತಂಡಗಳ ಜಾಗ. ಒಂದೊಂದರಲ್ಲಿ ಮೂವತ್ತರ ಆಸುಪಾಸು ಸವಾರರು. ಟೂರಿಗೆ ಹೋಗುವವರು ಎಂಟೇ ಮಂದಿ. ಉಳಿದವರು ಮನೆಯಲ್ಲಿ ಕೂತಿರುವುದಿಲ್ಲ. ಅದೇ ವಾರ ಯಾವುದೋ ಸಣ್ಣ ದೇಶದ ಸಣ್ಣ ರೇಸಿನಲ್ಲಿ, ಟೀವಿ ಕ್ಯಾಮೆರಾ ಇಲ್ಲದ ಕಡೆ, ಹತ್ತನೇ ಜಾಗಕ್ಕೆ ಗುದ್ದಾಡುತ್ತಿರುತ್ತಾರೆ. ವಸಂತಕಾಲದಲ್ಲಂತೂ ಒಂದೇ ತಂಡ ಒಂದೇ ದಿನ ಎರಡು ಮೂರು ದೇಶಗಳಲ್ಲಿ ರೇಸು ಓಡುತ್ತಿರುವುದುಂಟು. ಎರಡೆರಡು ಬಸ್ಸು, ಲಾರಿ, ಮೆಕ್ಯಾನಿಕ್ಕುಗಳು, ಮಾಲೀಸು ಮಾಡುವವರು, ಅಡುಗೆಯವರು. ನಮ್ಮ ಯಕ್ಷಗಾನ ಮೇಳಗಳ ತಿರುಗಾಟ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ರಂಗಸ್ಥಳದಲ್ಲಿ ಕಾಣುವ ವೇಷಕ್ಕಿಂತ ವೇಷ ಕಟ್ಟುವ ಚೌಕಿ ಯಾವಾಗಲೂ ದೊಡ್ಡದು.

ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಎಳೆಯಬಹುದು. ಕಾರಿನಲ್ಲಿ ಕೂತು ರೇಡಿಯೋದಲ್ಲಿ ಸವಾರರಿಗೆ ಮಾತಾಡುವ ನಿರ್ದೇಶಕನೇ ಭಾಗವತ. ಯಾರು ಯಾವಾಗ ಕುಣಿಯಬೇಕು, ಯಾವಾಗ ಸುಮ್ಮನಾಗಬೇಕು ಎಂದು ಹೇಳುವವನು ಅವನು. ತಂಡದ ನಾಯಕನಿಗೆ ಗಾಳಿ ತಾಗದಂತೆ ಮುಂದೆ ಸೈಕಲ್ ತುಳಿಯುವವರಿಗೆ ದೊಮೆಸ್ಟಿಕ್ ಎಂದು ಹೆಸರು. ಫ್ರೆಂಚಿನಲ್ಲಿ ಮನೆಯಾಳು ಎಂದೇ ಅದರ ಅರ್ಥ. ಇನ್ನೊಬ್ಬನ ಬೆನ್ನಿಗೆ ಅಂಟಿಕೊಂಡು ಹೋದರೆ ಸಮತಟ್ಟಿನಲ್ಲಿ ಮೂರನೇ ಒಂದು ಭಾಗದಷ್ಟಾದರೂ ಶ್ರಮ ಉಳಿಯುತ್ತದೆ. ಅಂಕೋಲಾದಿಂದ ಕುಮಟಾ ಕಡೆಗೆ ಎದುರುಗಾಳಿಯಲ್ಲಿ ಲಾರಿಯ ಹಿಂದೆ ಸೈಕಲ್ ಹೊಡೆದ ಯಾವ ಹೈಸ್ಕೂಲ್ ಹುಡುಗನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. (ಹಾಗೆ ಹೊಡೆಯಬೇಡಿ. ಈಗ ಆ ರಸ್ತೆ ಚತುಷ್ಪಥ, ಲಾರಿಗಳು ಆ ಕಾಲದ ಲಾರಿಗಳಲ್ಲ.)

ಏರಿನ ಅಂದಾಜು ಬೇಕಿದ್ದರೆ ನಮ್ಮದೇ ಅಳತೆಗೋಲು ಇದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ ಬಂದ ಹಾಗೆ. 2025ರ ಟೂರಿನ 18ನೇ ಹಂತದಲ್ಲಿ, ಅಂದರೆ ಒಂದೇ ದಿನದ ಓಟದಲ್ಲಿ, 171 ಕಿ.ಮೀ. ಒಳಗೆ ಸವಾರರು ಹತ್ತಿದ ಏರು 5,400 ಮೀಟರಿಗೂ ಹೆಚ್ಚು. ಬೆಳಗಿನ ತಿಂಡಿ ಮತ್ತು ರಾತ್ರಿ ಊಟದ ನಡುವೆ ಒಂಬತ್ತು ಸಲ ಶಿರಸಿ ಹತ್ತಿದಂತೆ. ಆ ಹಂತ ಗೆದ್ದವನು ಜೇಕೊ–ಅಲ್‌ಉಲಾ ತಂಡದ ಬೆನ್ ಓಕಾನರ್. ಸವಾರನಿಗೆ ಜನ್ಮದಲ್ಲಿ ಮರೆಯದ ದಿನ ಅದು. ತಂಡದ ಪುಸ್ತಕದಲ್ಲಿ ಬರೆದುಕೊಂಡಿದ್ದು 210 ಅಂಕ.

ಗೆಳೆಯನ ಪ್ರಶ್ನೆಯ ಗಂಟು ಇರುವುದು ಈ ಅಂಕದಲ್ಲೇ.

ಸೈಕಲ್ ರೇಸಿನ ಜಾಗತಿಕ ಒಕ್ಕೂಟ ಯುಸಿಐ ಮೂರು ಮೂರು ವರ್ಷಗಳ ಅವಧಿಗೆ ಮೇಲ್ದರ್ಜೆಯ ಪರವಾನಗಿ ಕೊಡುತ್ತದೆ. ಮೂರು ವರ್ಷ ಗಳಿಸಿದ ಅಂಕ ಕೂಡಿಸಿ ನೋಡಿದಾಗ ಮೊದಲ 18ರೊಳಗಿದ್ದರೆ ಪರವಾನಗಿ ಕೇಳಲು ಅರ್ಹತೆ. ಇಲ್ಲದಿದ್ದರೆ ಕೆಳದರ್ಜೆ. ಈ ಕತ್ತಿ ಮೊದಲ ಸಲ ಬಿದ್ದದ್ದು 2022ರ ಕೊನೆಗೆ. ಹಳೆಯ ಬೆಲ್ಜಿಯನ್ ತಂಡ ಲೊಟ್ಟೊ ಮತ್ತು ಇಸ್ರೇಲ್–ಪ್ರೀಮಿಯರ್ ಟೆಕ್ ಕೆಳಗಿಳಿದವು, ಅಲ್ಪೆಸಿನ್ ಮತ್ತು ಇದೇ ಅರ್ಕೇಯಾ ಮೇಲೆ ಬಂದವು. ಕೆಳಗಿಳಿದರೆ ಹೋಗುವುದು ಮರ್ಯಾದೆಯೊಂದೇ ಅಲ್ಲ. ಮೇಲ್ದರ್ಜೆಯಲ್ಲಿದ್ದರೆ ಟೂರಿನ ಬಾಗಿಲು ತಾನಾಗಿ ತೆರೆದಿರುತ್ತದೆ. ಹೊರಗಿದ್ದರೆ ಒಂದೋ ಕೆಳದರ್ಜೆಯ ಪಟ್ಟಿಯಲ್ಲಿ ತುದಿಯ ಕೆಲವರೊಳಗಿರಬೇಕು, ಇಲ್ಲವೇ ಸಂಘಟಕರ ಕರೆಗೆ ಕಾಯಬೇಕು. ಟೂರಿಗೆ ಹೋಗುತ್ತೇವೋ ಇಲ್ಲವೋ ಎಂದು ಹೇಳಲಾಗದ ತಂಡಕ್ಕೆ ಹಣ ಹಾಕುವವರು ಯಾರು?

ಅಂಕಗಳ ಬೆಲೆಪಟ್ಟಿ ನೋಡಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. 2022ರವರೆಗೆ ಟೂರಿನ ಒಂದು ಹಂತ ಗೆದ್ದರೆ ಸಿಗುತ್ತಿದ್ದುದು 120 ಅಂಕ. ಬೆಲ್ಜಿಯಂನ ಯಾವುದೋ ಪೇಟೆಯ ಸುತ್ತ ನಡೆಯುವ, ಅಲ್ಲಿಯವರಷ್ಟೇ ಹೆಸರು ಬಲ್ಲ ಒಂದು ದಿನದ ರೇಸು ಗೆದ್ದರೆ 125! ಎಲ್ಲರೂ ಬೈದ ಮೇಲೆ 2023ರಿಂದ ಪಟ್ಟಿ ತಿದ್ದಿದರು. ಟೂರಿನ ಹಂತಕ್ಕೆ 210, ಒಟ್ಟಾರೆ ವಿಜೇತನಿಗೆ 1,300, ಪ್ಯಾರಿಸ್–ರೂಬೆಯಂಥ ಒಂದು ದಿನದ ಐದು ಮಹಾ ರೇಸುಗಳಿಗೆ 800. ಆದರೂ ನಡುದರ್ಜೆಯ ಒಂದು ದಿನದ ರೇಸು ಗೆದ್ದವನಿಗೆ 200 ಅಂಕ ಇದ್ದೇ ಇದೆ. ಅಂದರೆ ಜಗತ್ತೆಲ್ಲ ನೋಡುವ ಹಂತಕ್ಕೂ ಕೆಲವೇ ಸಾವಿರ ಜನ ನೋಡುವ ರೇಸಿಗೂ ನಡುವಿನ ಅಂತರ ಹತ್ತೇ ಅಂಕ. ಇನ್ನೊಂದು ತಿದ್ದುಪಡಿಯೂ ಆಯಿತು. ಮೊದಲು ತಂಡದ ಅಗ್ರ ಹತ್ತು ಸವಾರರ ಅಂಕ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು, ಈಗ ಇಪ್ಪತ್ತು. ಹದಿನೇಳನೆಯ ಸವಾರ ಒಂದು ಸಣ್ಣ ರೇಸಿನಲ್ಲಿ ಒಂಬತ್ತನೆಯವನಾಗಿ ಬಂದರೂ ಈಗ ಅದು ತಂಡದ ಡಬ್ಬಿಗೆ ಬೀಳುವ ಕಾಸು.

ಈ ಪಟ್ಟಿಯನ್ನು ಸರಿಯಾಗಿ ಓದಿಕೊಂಡವರು ಕಜಾಕಸ್ತಾನದ ಅಸ್ತಾನಾ ತಂಡದವರು. ಅವರ 2024 ಮತ್ತು 2025 ಎರಡು ಬೇರೆ ತಂಡಗಳ ವರ್ಷದ ಹಾಗಿದೆ. 2024ರಲ್ಲಿ ಅವರ ಜಪ ಒಂದೇ: ಮಾರ್ಕ್ ಕ್ಯಾವೆಂಡಿಶ್ ಟೂರಿನಲ್ಲಿ ತನ್ನ 35ನೇ ಹಂತ ಗೆಲ್ಲಬೇಕು, ಎಡ್ಡಿ ಮರ್ಕ್ಸ್‌ನ 34ರ ದಾಖಲೆ ಮುರಿಯಬೇಕು. ಜುಲೈ 3ರಂದು ಸಾಂ-ವುಲ್ಬಾದಲ್ಲಿ ಅದು ಆಗಿಯೂ ಹೋಯಿತು. 39 ವರ್ಷದ ಆಸಾಮಿ, ಕೊನೆಯ ನೂರು ಮೀಟರಿನಲ್ಲಿ ಒಂದು ಸಾಲಿನಿಂದ ಇನ್ನೊಂದಕ್ಕೆ ಹಾರಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಸೈಕಲ್ ರೇಸಿನ ಚರಿತ್ರೆಯಲ್ಲಿ ಅದಕ್ಕೆ ಬೆಲೆ ಕಟ್ಟಲಾಗದು. ಪಟ್ಟಿಯಲ್ಲಿ ಮಾತ್ರ ಕಟ್ಟಿದ್ದರು: 210. ವರ್ಷದ ಕೊನೆಗೆ ಅಸ್ತಾನಾ ಮೂರು ವರ್ಷದ ಲೆಕ್ಕದಲ್ಲಿ ಎಷ್ಟು ಹಿಂದಿತ್ತೆಂದರೆ, ಅದು ಕೆಳಗಿಳಿಯುವುದು ಖಚಿತ ಎಂದೇ ಹೆಚ್ಚಿನವರು ಬರೆದಿದ್ದರು.

2025ಕ್ಕೆ ಚೀನಾದ ಸೈಕಲ್ ಕಂಪನಿ ಎಕ್ಸ್‌ಡಿಎಸ್‌ನ ಹಣ ಬಂತು, ಜೊತೆಗೆ ಹೊಸ ಬುದ್ಧಿಯೂ ಬಂತು. ದೊಡ್ಡ ತಾರೆಯ ಹಿಂದೆ ಹೋಗುವ ಬದಲು ಎಲ್ಲಿ ಹೋದರೂ ಮೊದಲ ಹತ್ತರೊಳಗೆ ಬರುವ ಗಟ್ಟಿಗರನ್ನು ಸೇರಿಸಿದರು. ಪೈಪೋಟಿ ಕಡಿಮೆ ಇರುವ ಸಣ್ಣ ರೇಸುಗಳಿಗೆ ಬಲವಾದ ಪಡೆ ಕಳಿಸಿದರು. ಅಲ್ಲಿ ಮೂರನೆಯವ, ಐದನೆಯವ, ಎಂಟನೆಯವ ಎಲ್ಲರೂ ಅವರದೇ ಅಂಗಿಯವರು. ಕೊನೆಯ ಕಿಲೋಮೀಟರಿನಲ್ಲಿ ಸೋಲು ಗೊತ್ತಾದ ಮೇಲೂ ಹಿಂದಿದ್ದವರು ಕಾಲು ಬಿಡಲಿಲ್ಲ. ಆ ಒಂದು ವರ್ಷದ ತಂಡಗಳ ಪಟ್ಟಿಯಲ್ಲಿ ಅಸ್ತಾನಾ ಮುಂಚೂಣಿಗೆ ಬಂತು, ಪರವಾನಗಿ ಉಳಿಯಿತು. ಅದೇ ವರ್ಷ ಅವರ ಯಾವ ಗೆಲುವು ನೆನಪಿದೆ ಎಂದು ಕೇಳಿದರೆ ನಾನು ತಡವರಿಸುತ್ತೇನೆ. ಕ್ಯಾವೆಂಡಿಶ್‌ನದು ಮಾತ್ರ ನಿದ್ದೆಯಲ್ಲೂ ಹೇಳುವೆ. ನೋಡುಗನ ಲೆಕ್ಕಕ್ಕೂ ತಂಡದ ಲೆಕ್ಕಕ್ಕೂ ಇಷ್ಟು ಅಂತರವಿದೆ.

ಹೀಗೆ ಚಿಲ್ಲರೆ ಕೂಡಿಸಲು ಇನ್ನೊಂದು ಕಾರಣವೂ ಇದೆ. ದೊಡ್ಡ ನೋಟೆಲ್ಲ ಇಬ್ಬರ ಕಿಸೆಗೆ ಹೋಗುತ್ತಿದೆ. 2025ರ ಐದು ಮಹಾ ರೇಸುಗಳಲ್ಲಿ ಮಿಲಾನ್–ಸಾನ್‌ರೆಮೊ ಮತ್ತು ರೂಬೆ ಮಾಥ್ಯೂ ವಾನ್ ಡರ್ ಪೂಲ್‌ಗೆ, ಫ್ಲಾಂಡರ್ಸ್, ಲಿಯೇಜ್, ಲೊಂಬಾರ್ಡಿಯಾ ಮೂರೂ ಪೊಗಾಚಾರ್‌ಗೆ. ಟೂರ್ ಪೊಗಾಚಾರ್‌ಗೆ, ರುವಾಂಡಾದ ಕಿಗಾಲಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪೂ ಅವನಿಗೇ. ಅವನ ಯುಎಇ ತಂಡ ಆ ವರ್ಷ 90ಕ್ಕೂ ಹೆಚ್ಚು ರೇಸು ಗೆದ್ದು, 2009ರಲ್ಲಿ ಕೊಲಂಬಿಯಾ–ಎಚ್‌ಟಿಸಿ ತಂಡ ಮಾಡಿದ್ದ 85ರ ದಾಖಲೆಯನ್ನೂ ಮುರಿಯಿತು. ಪಂಕ್ತಿಯಲ್ಲಿ ಮೊದಲು ಕೂತವರು ಕಜ್ಜಾಯ ಪೂರ್ತಿ ಎತ್ತಿಕೊಂಡರೆ ಹಿಂದಿನವರಿಗೆ ಉಳಿಯುವುದು ಅನ್ನ–ಸಾರು. ವೋಕ್ಲಾ ಹಿಡಿದ ಟೂರಿನ ಏಳನೇ ಜಾಗ ಅಂಥ ಅನ್ನ–ಸಾರು. ಅಂಕದಲ್ಲಿ ಸುಮಾರು ಎರಡು ಹಂತ ಗೆದ್ದಷ್ಟು ತೂಕ ಅದಕ್ಕಿದೆ.

ಹಾಗಿದ್ದರೂ ಅರ್ಕೇಯಾ ಮುಚ್ಚಿದ್ದೇಕೆ? ಅಂಕದ ಲೆಕ್ಕದ ಕೆಳಗೆ ಇನ್ನೊಂದು ಲೆಕ್ಕ ಇದೆ, ಅದು ಹೆಚ್ಚು ಒರಟು.

ಸೈಕಲ್ ರೇಸಿಗೆ ಟಿಕೆಟ್ ಇಲ್ಲ. ರಸ್ತೆ ಬದಿಯಲ್ಲಿ ಬಂದು ನಿಂತರಾಯಿತು. ಟೀವಿ ಹಕ್ಕಿನ ಹಣ ರೇಸಿನ ಸಂಘಟಕರದು. ಟೂರನ್ನು ನಡೆಸುವ ಫ್ರಾನ್ಸಿನ ಎಎಸ್‌ಒ ಕಂಪನಿಯೇ ರೂಬೆ, ಲಿಯೇಜ್, ಪ್ಯಾರಿಸ್–ನೀಸ್ ರೇಸುಗಳನ್ನೂ ನಡೆಸುತ್ತದೆ. ತಂಡಗಳಿಗೆ ಆ ಹಣದಲ್ಲಿ ಪಾಲಿಲ್ಲ. ಬಹುಮಾನವೋ, ಟೂರ್ ಗೆದ್ದವನಿಗೆ 5 ಲಕ್ಷ ಯೂರೋ, ಹಂತ ಗೆದ್ದವನಿಗೆ 11 ಸಾವಿರ. ಅದನ್ನೂ ತಂಡದವರು, ಕೆಲಸದವರು ಹಂಚಿಕೊಳ್ಳುತ್ತಾರೆ. ಮೇಲ್ದರ್ಜೆಯ ತಂಡದ ಒಂದು ವರ್ಷದ ಖರ್ಚು ಕೋಟಿಗಟ್ಟಲೆ ಯೂರೋ. ಎರಡನ್ನೂ ತಕ್ಕಡಿಗೆ ಹಾಕಿದರೆ ಬಹುಮಾನ ವೀಳ್ಯದೆಲೆಯ ಖರ್ಚಿಗೂ ಸಾಲದು. ಉಳಿದದ್ದೆಲ್ಲ ಅಂಗಿಯ ಮೇಲೆ ಹೆಸರು ಹಾಕಿಸಿಕೊಂಡ ಪ್ರಾಯೋಜಕ ಕೊಡಬೇಕು.

ಮೇಳದ ಮಾತು ಮತ್ತೆ ಬರುತ್ತದೆ. ಟೆಂಟ್ ಮೇಳ ಟಿಕೆಟ್ ನಂಬಿತ್ತು, ಜನ ಕಡಿಮೆಯಾದಂತೆ ಒಂದೊಂದಾಗಿ ಗೂಟ ಕಿತ್ತವು. ಬಯಲಾಟದ ಮೇಳಕ್ಕೆ ಟಿಕೆಟ್ ಇಲ್ಲ, ಹರಕೆ ಹೊತ್ತವರು ಆಟ ಆಡಿಸುತ್ತಾರೆ. ಮಂದಾರ್ತಿ ಮೇಳದ ಹರಕೆ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಸೈಕಲ್ ತಂಡ ಬಯಲಾಟದಂತೆ ಪುಕ್ಕಟೆ ಆಡುತ್ತದೆ, ಆದರೆ ಬೆನ್ನಿಗೆ ದೇವಸ್ಥಾನ ಇಲ್ಲ. ಆಡಿಸುವವನು ಒಬ್ಬನೋ ಇಬ್ಬರೋ. ಅವನ ಕಂಪನಿಯ ಹೊಸ ಮ್ಯಾನೇಜರಿಗೆ ಗಾಲ್ಫ್ ಇಷ್ಟವಾದರೆ ಮುಗಿಯಿತು.

ಗೆದ್ದರೆ ಪ್ರಾಯೋಜಕ ಉಳಿಯುತ್ತಾನೆ ಅನ್ನುವುದೂ ಸುಳ್ಳು. 85 ಗೆಲುವಿನ ದಾಖಲೆ ಮಾಡಿದ ಆ ಎಚ್‌ಟಿಸಿ ತಂಡ 2011ರ ಕೊನೆಗೆ ಹೊಸ ಪ್ರಾಯೋಜಕ ಸಿಗದೆ ಮುಚ್ಚಿತು. 2023ರಲ್ಲಿ ಯುಂಬೊ–ವಿಸ್ಮಾ ಒಂದೇ ವರ್ಷ ಮೂರೂ ಮಹಾ ಪ್ರವಾಸಗಳನ್ನು ಗೆದ್ದಿತು. ಜಿರೋ ರೋಗ್ಲಿಚ್‌ಗೆ, ಟೂರ್ ವಿಂಗೆಗೋರ್‌ಗೆ, ವುವೆಲ್ತಾ ಸೆಪ್ ಕುಸ್‌ಗೆ. ಹಿಂದೆ ಯಾವ ತಂಡವೂ ಮಾಡದ ಸಾಧನೆ. ಅದೇ ವರ್ಷದ ಕೊನೆಗೆ ಯುಂಬೊ ಸೂಪರ್‌ಮಾರ್ಕೆಟ್ ಕೈಬಿಟ್ಟಿತು. ತಂಡ ತನ್ನ ಎದುರಾಳಿ ಸೌದಾಲ್–ಕ್ವಿಕ್‌ಸ್ಟೆಪ್ ಜೊತೆ ಒಂದಾಗುವ ಮಾತುಕತೆಗೆ ಕೂತಿತ್ತು. ಕೊನೆಗೆ ಬೇರೆ ಪ್ರಾಯೋಜಕ ಸಿಕ್ಕಿ, ವಿಸ್ಮಾ–ಲೀಸ್ ಎ ಬೈಕ್ ಎಂಬ ಹೆಸರಲ್ಲಿ ಉಳಿಯಿತು. ಕಾರವಾರದ ಗೆಳೆಯ ಆ ಹಳದಿ–ಕಪ್ಪು ಅಂಗಿ ತರಿಸಿಕೊಂಡಿದ್ದ. ಪಾರ್ಸೆಲ್ ಬರುವಷ್ಟರಲ್ಲಿ ಅದರ ಮೇಲಿನ ಹೆಸರಿನ ತಂಡ ಇರಲಿಲ್ಲ.

2025ರ ಕೊನೆಗೆ ಆದದ್ದೂ ಇದೇ. ಅರ್ಕೇಯಾದ ಇಬ್ಬರೂ ಮುಖ್ಯ ಪ್ರಾಯೋಜಕರು ಮುಂದುವರಿಯಲಿಲ್ಲ. ಬೇರೆಯವರು ಸಿಗಲಿಲ್ಲ. 2022ರ ಕೊನೆಗೆ ಅಂಕ ಗಳಿಸಿ ಮೇಲೆ ಬಂದ ತಂಡ ಸರಿಯಾಗಿ ಒಂದು ಪರವಾನಗಿ ಅವಧಿ ಬಾಳಿತು. ವೋಕ್ಲಾಗೆ ಇನಿಯೋಸ್ ತಂಡದಲ್ಲಿ ಜಾಗ ಸಿಕ್ಕಿತು, ಏಳನೇ ಸ್ಥಾನದ ಫಲ ಅವನಿಗಾದರೂ ದಕ್ಕಿತು. ಆದರೆ ಟೂರಿನಲ್ಲಿ ಏಳನೆಯವನಾಗದ ಮೆಕ್ಯಾನಿಕ್ಕು, ಬಸ್ ಚಾಲಕ, ಮೂವತ್ತೆರಡು ವರ್ಷದ ದೊಮೆಸ್ಟಿಕ್ ಎಲ್ಲಿ ಹೋಗಬೇಕು? ಬೆಲ್ಜಿಯಂನಲ್ಲಿ ಇಂಟರ್‌ಮಾರ್ಷೆ–ವಾಂಟಿ ತಂಡ ಲೊಟ್ಟೊದೊಂದಿಗೆ ಸೇರಿಹೋಯಿತು. 2024ರ ಟೂರಿನಲ್ಲಿ ಎರಿಟ್ರಿಯಾದ ಬಿನಿಯಮ್ ಗಿರ್ಮಾಯ್ ಮೂರು ಹಂತ ಗೆದ್ದು, ಹಂತದ ಕೊನೆಯ ವೇಗದೋಟಗಳಲ್ಲಿ ಮುಂದಿದ್ದವನಿಗೆ ಸಿಗುವ ಹಸಿರು ಅಂಗಿ ಗೆದ್ದ ಮೊದಲ ಕಪ್ಪು ಆಫ್ರಿಕನ್ ಎನಿಸಿಕೊಂಡಿದ್ದು ಇದೇ ಇಂಟರ್‌ಮಾರ್ಷೆಯಲ್ಲಿ. ಎರಡು ವರ್ಷ ತುಂಬುವ ಮೊದಲೇ ಆ ತಂಡ ಒಂಟಿಯಾಗಿ ನಿಲ್ಲಲಾರದೆ ಹೋಯಿತು. ಎರಡು ತಂಡ ಒಂದಾದರೆ ಅರವತ್ತು ಸವಾರರಲ್ಲಿ ಅರ್ಧ ಜನಕ್ಕಷ್ಟೇ ಅಂಗಿ.

ನನ್ನ ಅಭಿಪ್ರಾಯ ಇಷ್ಟು: ಮೇಲೇರುವ ಕೆಳಗಿಳಿಯುವ ಪದ್ಧತಿಯನ್ನು ಫುಟ್‌ಬಾಲಿನಿಂದ ತಂದರು, ಅದನ್ನು ತಡೆದುಕೊಳ್ಳುವ ಆದಾಯವನ್ನು ತರಲಿಲ್ಲ. ಫುಟ್‌ಬಾಲ್ ತಂಡ ಕೆಳಗಿಳಿದರೂ ಅದಕ್ಕೆ ಊರಿದೆ, ಮೈದಾನವಿದೆ, ಟಿಕೆಟ್ ಇದೆ. ಸೈಕಲ್ ತಂಡಕ್ಕೆ ಇರುವುದು ಬಸ್ಸು ಮತ್ತು ಅಂಗಿ. ಟೀವಿ ಹಣ ಹಂಚಿಕೊಳ್ಳುವ ಮಾತು ದಶಕಗಳಿಂದ ಇದೆ. ಸೌದಿ ಹಣದ ಬೆಂಬಲದಲ್ಲಿ ಕೆಲವು ತಂಡಗಳು, ಸಂಘಟಕರು ಸೇರಿ ತಂದ 'ಒನ್ ಸೈಕ್ಲಿಂಗ್' ಯೋಜನೆಗೆ 2025ರಲ್ಲಿ ಯುಸಿಐ ಒಪ್ಪಿಗೆ ಕೊಡಲಿಲ್ಲ. ಆ ಯೋಜನೆ ಬಗ್ಗೆ ನನಗೂ ಅನುಮಾನವಿತ್ತು. ಆದರೆ ಅದನ್ನು ಬೇಡ ಎಂದವರು ಬದಲಿಗೆ ಏನನ್ನೂ ಮುಂದಿಡಲಿಲ್ಲ.

ಇಲ್ಲಿಯ ಸೈಕಲ್ ಬಳಗದಲ್ಲಿ ಈಚೆಗೆ ಇನ್ನೊಂದು ಮಾತು ಕೇಳುತ್ತಿದೆ. 2026ರ ಜನವರಿಯಲ್ಲಿ ಪುಣೆ ಗ್ರ್ಯಾಂಡ್ ಟೂರ್ ನಡೆಯಿತು, ವಿದೇಶಿ ತಂಡಗಳು ಸಹ್ಯಾದ್ರಿಯ ಘಟ್ಟದಲ್ಲಿ ಓಡಿದವು. ಹಾಗಾದರೆ ದೇವಿಮನೆ, ಅರಬೈಲ್ ಘಟ್ಟಕ್ಕೆ ಯಾವಾಗ? ಪೊಗಾಚಾರ್ ಬರುತ್ತಾನೋ? ಅವನು ಬರುವುದಿಲ್ಲ. ಅದಕ್ಕೆ ಸೊಕ್ಕು ಕಾರಣವಲ್ಲ, ನಿಯಮ ಕಾರಣ. ಪುಣೆಯದು 2.2 ದರ್ಜೆಯ ರೇಸು. ಈ ಗುರುತಿನಲ್ಲಿ ಮೊದಲ ಅಂಕಿ ಹಲವು ದಿನದ ರೇಸು ಎಂಬುದಕ್ಕೆ, ಎರಡನೆಯದು ಅದರ ಮೆಟ್ಟಿಲಿಗೆ. ಈ ಕೆಳಗಿನ ಮೆಟ್ಟಿಲಿನ ರೇಸುಗಳಿಗೆ ಮೇಲ್ದರ್ಜೆಯ ತಂಡಗಳು ಬರುವಂತೆಯೇ ಇಲ್ಲ. ನನ್ನ ಮಟ್ಟಿಗೆ ಇದು ಒಳ್ಳೆಯದೇ. ವಿಜಯಪುರ, ಬಾಗಲಕೋಟೆ ಕಡೆಯಿಂದ ರಾಷ್ಟ್ರಮಟ್ಟಕ್ಕೆ ಹೋಗುವ ನಮ್ಮ ಹುಡುಗರಿಗೆ ಅಂತರರಾಷ್ಟ್ರೀಯ ಅಂಕದ ಮೊದಲ ಪುಡಿಗಾಸು ಸಿಗಬೇಕಾದ್ದು ಇಂಥ ಕಡೆಯೇ. ಪೊಗಾಚಾರ್ ಬಂದರೆ ಫೋಟೋ ಸಿಗುತ್ತದೆ, ಅಂಕ ಸಿಗುವುದಿಲ್ಲ.

ನಮ್ಮ ಘಟ್ಟಕ್ಕೆ ಬರಲು ಇರುವ ಅಡ್ಡಿ ಬೇರೆ. ರೇಸು ಎಂದರೆ ರಸ್ತೆ ಬಂದ್. ಕರಾವಳಿಯಲ್ಲಿ ಕಾರವಾರದಿಂದ ಭಟ್ಕಳದವರೆಗೆ ಉದ್ದಕ್ಕೂ ಹೋಗುವ ದೊಡ್ಡ ರಸ್ತೆ ಒಂದೇ, ಹೆದ್ದಾರಿ 66. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಮರು ತಿಂಗಳು ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿದ್ದಾಗ, ಆ ಒಂದು ದಾರಿ ನಿಂತರೆ ಜಿಲ್ಲೆ ಹೇಗೆ ಎರಡು ಹೋಳಾಗುತ್ತದೆ ಎಂದು ನೋಡಿದ್ದೇವೆ. ಅದಕ್ಕಿಂತ ಗಂಭೀರವಾದದ್ದು ಆಸ್ಪತ್ರೆ. ಸೈಕಲ್ ರೇಸಿನಲ್ಲಿ ಜೀವ ಹೋಗುವುದು ಹೆಚ್ಚಾಗಿ ಇಳಿಜಾರಿನಲ್ಲಿ. 2023ರ ಜೂನ್‌ನಲ್ಲಿ ಸ್ವಿಟ್ಜರ್ಲೆಂಡಿನ ಗೀನೊ ಮೇಡರ್ ತನ್ನದೇ ದೇಶದ ಆಲ್ಬುಲಾ ಘಟ್ಟ ಇಳಿಯುವಾಗ ಕಣಿವೆಗೆ ಬಿದ್ದು ತೀರಿಕೊಂಡ, 26 ವರ್ಷ. ಅಲ್ಲಿ ಹೆಲಿಕಾಪ್ಟರ್ ಬಂದಿತ್ತು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ವರ್ಷಗಳಿಂದ ಕೂಗುತ್ತ, ತಲೆಗೆ ಪೆಟ್ಟಾದವರನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಒಯ್ಯುವ ಜಿಲ್ಲೆಯಲ್ಲಿ ನೂರು ಜನರನ್ನು ಗಂಟೆಗೆ ಎಪ್ಪತ್ತು ಕಿ.ಮೀ. ವೇಗದಲ್ಲಿ ದೇವಿಮನೆ ಇಳಿಸುವ ಧೈರ್ಯ ಯಾವ ಸಂಘಟಕನಿಗಿದೆ? ರಸ್ತೆ ನುಣುಪಾದರೆ ಸಾಕು ಎನ್ನುವವರು ಈ ಲೆಕ್ಕ ಹಾಕಿದ ಹಾಗೆ ಕಾಣುವುದಿಲ್ಲ.

2026ರಿಂದ ಹೊಸ ಮೂರು ವರ್ಷದ ಅವಧಿ ಶುರುವಾಗಿದೆ, ಎಲ್ಲರ ಡಬ್ಬಿಯೂ ಸೊನ್ನೆಯಿಂದ. ಜುಲೈ 4ಕ್ಕೆ ಬಾರ್ಸಿಲೋನಾದಲ್ಲಿ ಟೂರಿನ ಮೊದಲ ಹಂತ, ಇಡೀ ತಂಡ ಒಟ್ಟಿಗೆ ಗಡಿಯಾರದ ಎದುರು ಓಡುವ ಹಂತ. ಕರೆಂಟಿದ್ದರೆ ಮೊದಲ ಮೂರು ತಂಡಗಳನ್ನು ಬಿಟ್ಟು ಹದಿನೈದರಿಂದ ಇಪ್ಪತ್ತನೇ ಜಾಗದವರನ್ನು ನೋಡು ಎಂದು ಗೆಳೆಯನಿಗೆ ಹೇಳಿದ್ದೇನೆ. ಅವನು ಕೇಳಿದ್ದು ಮಾತ್ರ ಬೇರೆ: "ಅಂಗಿ ಯಾವುದು ತರಿಸೂದು ಮಾರಾಯಾ? ಎರಡು ವರ್ಷ ಆದ್ರೂ ಬಾಳಿಕೆ ಬರೂದು ಹೇಳು." ಮೂರು ದಿನ ಆಯಿತು, ಇನ್ನೂ ಹೇಳಿಲ್ಲ.